ಬಸ್ಸು ಬಂತು ಅಂತ ಬಿಟ್ಟ ಸಾಲು

ಬೆಂಗಳೂರು, ವಿಮಾನ ನಿಲ್ದಾಣ

ಅರಸೀಕೆರೆಯವಳ ಮುಂದೆ ನಿಂತು ಕೊಬ್ಬರಿ ಅಪಾಯಕಾರಿ ವಸ್ತು ಎಂದು ಹೇಳುವ ಧೈರ್ಯ ಯಾರಿಗಾದರೂ ಇರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ಸಾಮಾನು ತಪಾಸಣೆ ಮಾಡುವ ಹೆಣ್ಣುಮಗಳು ಹೇಳಿಯೇಬಿಟ್ಟಳು.

"ಇದ್ರಲ್ಲಿ ಎಣ್ಣೆ ಜಾಸ್ತಿ ಮೇಡಂ. ಬೆಂಕಿ ಹತ್ಕೊಳ್ಳುತ್ತೆ. ಫ್ಲೈಟಲ್ಲಿ ಬಿಡಲ್ಲ."

"ನೋಡಮ್ಮ, ನಮ್ಮನೆ ಅಟ್ಟದ ತುಂಬ ಇದೇ ಇರೋದು. ನಾನು ಹುಟ್ಟಿದಾಗಿನಿಂದ ಅದರ ಕೆಳಗೇ ಮಲಗಿದ್ದೀನಿ. ಒಂದು ದಿನಾನೂ ಹತ್ಕೊಂಡಿಲ್ಲ."

"ರೂಲ್ಸ್ ಮೇಡಂ," ಎಂದು ನಕ್ಕಳು. ನಗುವವರ ಜತೆ ಜಗಳ ಆಡುವುದಕ್ಕೆ ಆಗುವುದಿಲ್ಲ, ಅದೇ ಕಷ್ಟ.

ಕೊಬ್ಬರಿ ಮಂಡಿ ನಡೆಸುವ ನಮ್ಮ ಯಜಮಾನರು ಆರಿಸಿ ಆರಿಸಿ ಇಟ್ಟ ಉಂಡೆಕೊಬ್ಬರಿ ಅದು. "ಸ್ಪೇನಿನ ಲೆಕ್ಕದ ಮೇಷ್ಟ್ರುಗಳಿಗೆಲ್ಲ ಒಂದೊಂದು ಕೊಡು, ಅರಸೀಕೆರೆ ಅಂದ್ರೆ ಏನು ಅಂತ ಗೊತ್ತಾಗ್ಲಿ," ಎಂದು ಕೊಟ್ಟಿದ್ದರು. ಅಲ್ಲೇ ನೆಲ ಒರೆಸುತ್ತಿದ್ದ ಹೆಂಗಸಿನ ಕೈಗೆ ಚೀಲ ಕೊಟ್ಟೆ. ಆಕೆ ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಒಳ್ಳೇ ಕೊಬ್ಬರಿ ಕಣಕ್ಕ," ಅಂದಳು. ಆಕೆ ತಿಪಟೂರು ಕಡೆಯವಳಂತೆ. ಇರಲಿ, ಬೆಲೆ ಗೊತ್ತಿರುವವರ ಮನೆಗೇ ಹೋಯಿತು.

ಕೊನೆಗೆ ನನ್ನ ಬಳಿ ಉಳಿದದ್ದು ಒಂದು ಡಬ್ಬಿ ಕೊಬ್ಬರಿ ಚಟ್ನಿಪುಡಿ ಮತ್ತು ಒಂದು ಪ್ರಮೇಯ. ಪ್ರಮೇಯ ನನ್ನದೂ ನಾಗುವಿನದೂ. ನಾಗು ಎಂದರೆ ನಾಗರತ್ನ, ಬೇಲೂರಿನ ಕಾಲೇಜಿನಲ್ಲಿ ಗಣಿತ ಹೇಳಿಕೊಡುವವಳು. ನಾನು ಶಶಿಕಲಾ, ಅರಸೀಕೆರೆಯ ಕಾಲೇಜಿನಲ್ಲಿ ಅದೇ ಕೆಲಸ. ಸ್ಪೇನಿನ ಸಾಂತಾಂದೇರ್ ಎಂಬ ಊರಿನ ಗಣಿತ ಸಮ್ಮೇಳನಕ್ಕೆ ಇಬ್ಬರನ್ನೂ ಕರೆದಿದ್ದರು. ಆದರೆ ನಾಗುವಿಗೆ ವಿಮಾನ ಎಂದರೆ ಹೆದರಿಕೆ. "ಘಾಟಿ ಬಸ್ಸಲ್ಲೇ ನಂಗೆ ವಾಂತಿ. ನೀನು ಹೋಗಿ ಇಬ್ಬರ ಪರವಾಗೂ ಮಾತಾಡು," ಎಂದು ಕೈಮುಗಿದುಬಿಟ್ಟಳು.

ಹಳೇಬೀಡು, ಸ್ವಲ್ಪ ಹಿಂದಕ್ಕೆ

ಅರಸೀಕೆರೆಯಿಂದ ನಾನು, ಬೇಲೂರಿನಿಂದ ಅವಳು ಹೊರಟರೆ ನಡುವೆ ಸಿಗುವುದು ಹಳೇಬೀಡು. ಹಾಗಾಗಿ ಭಾನುವಾರ ಬಂತೆಂದರೆ ಅಲ್ಲಿನ ದೇವಸ್ಥಾನದ ಹುಲ್ಲಿನ ಮೇಲೆ ನಮ್ಮ ಠಿಕಾಣಿ. ಪ್ರವಾಸಿಗರು ಆನೆಸಾಲಿನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರೆ ನಾವು ಮರದ ನೆರಳಲ್ಲಿ ಕಾಗದ ಹರಡಿಕೊಂಡು ಕೂರುತ್ತಿದ್ದೆವು. ಅಲ್ಲಿನ ಕಾವಲುಗಾರ ರಂಗಪ್ಪನಿಗೆ ಮೊದಮೊದಲು ಅನುಮಾನ. "ಚೀಟಿ ಯವಾರ ಇಲ್ಲಿ ಮಾಡಂಗಿಲ್ಲ ಕಣ್ರಮ್ಮ," ಎಂದಿದ್ದ. ಲೆಕ್ಕ ಮಾಡುತ್ತಿದ್ದೇವೆ ಎಂದೆವು. "ಅದೇಯಾ ನಾನೂ ಹೇಳಿದ್ದು," ಅಂದ.

ಆ ಲೆಕ್ಕ ಏನು ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತೇನೆ, ಹೆದರಬೇಡಿ. ಸಿಂಗ್ಯುಲರ್ ಇಂಟಿಗ್ರಲ್ ಆಪರೇಟರ್ ಎಂಬುದೊಂದು ಯಂತ್ರ ಎಂದುಕೊಳ್ಳಿ. ಒಂದು ಫಂಕ್ಷನ್ ಒಳಗೆ ಹಾಕಿದರೆ ಸುತ್ತಮುತ್ತಲಿನ ಬೆಲೆಗಳನ್ನೆಲ್ಲ ಕೂಡಿ ಕಳೆದು ಇನ್ನೊಂದು ಫಂಕ್ಷನ್ ಕೊಡುತ್ತದೆ. ಹತ್ತಿರದವರ ಮಾತಿಗೆ ಅದು ವಿಪರೀತ ಬೆಲೆ ಕೊಡುವುದರಿಂದ ತೀರ ಹತ್ತಿರ ಹೋದರೆ ಲೆಕ್ಕ ಅನಂತಕ್ಕೆ ಓಡುತ್ತದೆ, ಅದೇ ಅದರ ರಗಳೆ. ಈಗ b ಎಂಬ ಇನ್ನೊಂದು ಫಂಕ್ಷನ್ ತಗೊಳ್ಳಿ. ಮೊದಲು b ಯಿಂದ ಗುಣಿಸಿ ಆಮೇಲೆ ಯಂತ್ರಕ್ಕೆ ಹಾಕಬಹುದು, ಇಲ್ಲವೇ ಯಂತ್ರಕ್ಕೆ ಹಾಕಿ ಆಮೇಲೆ ಗುಣಿಸಬಹುದು. ಸೀರೆಯನ್ನು ಒಗೆದು ಇಸ್ತ್ರಿ ಮಾಡುವುದಕ್ಕೂ ಇಸ್ತ್ರಿ ಮಾಡಿ ಒಗೆಯುವುದಕ್ಕೂ ವ್ಯತ್ಯಾಸ ಇದೆಯಲ್ಲ, ಹಾಗೆ ಇವೆರಡರ ಉತ್ತರ ಬೇರೆ. ಆ ವ್ಯತ್ಯಾಸಕ್ಕೆ ಕಮ್ಯುಟೇಟರ್ ಎಂದು ಹೆಸರು. ಅದು ಎಷ್ಟು ದೊಡ್ಡದಾಗಬಹುದು ಎಂದು ಕೇಳುವುದೇ ನಮ್ಮ ಕೆಲಸ. ಅದರಲ್ಲೂ ಎಲ್ಲ ಜಾಗಕ್ಕೂ ಒಂದೇ ಬೆಲೆ ಕೊಡದೆ, ಇಲ್ಲಿ ಜಾಸ್ತಿ ಅಲ್ಲಿ ಕಡಿಮೆ ಎಂದು ತೂಕ ಇಟ್ಟು ಅಳೆಯುತ್ತೇವೆ. ತೂಕ ಎಷ್ಟು ಅಂಕುಡೊಂಕೋ ಉತ್ತರ ಅಷ್ಟು ಹಿಗ್ಗಬಹುದು.

ಸಾಮಾನ್ಯವಾಗಿ ಯಂತ್ರಕ್ಕಿಂತ ಅದರ ಕಮ್ಯುಟೇಟರ್ ಹೆಚ್ಚು ಹಿಗ್ಗುತ್ತದೆ, ಲೆಕ್ಕದಲ್ಲಿ ತೂಕದ ಒಂದು ಘಾತ ಜಾಸ್ತಿ ಬರುತ್ತದೆ, ಅಂದರೆ ಆ ಅಂಕುಡೊಂಕಿನಿಂದ ಇನ್ನೊಂದು ಸಲ ಗುಣಿಸಬೇಕಾಗುತ್ತದೆ. ನಾವು ನೋಡುತ್ತಿದ್ದ ಒರಟು ಜಾತಿಯ ಯಂತ್ರಗಳಲ್ಲಿ ಆ ಹೆಚ್ಚಿನ ಘಾತ ಬರುವುದೇ ಇಲ್ಲ ಎಂದು ನಾನು, ನಾಗು ಸಾಧಿಸಿದ್ದೆವು. ಸಮ್ಮೇಳನದವರು ಕರೆದದ್ದು ಅದಕ್ಕೇ.

ನಮ್ಮದೊಂದು ಪದ್ಧತಿ ಇತ್ತು. ಒಬ್ಬಳು ಸಾಲನ್ನು ಬಾಯಲ್ಲಿ ಹೇಳಬೇಕು, ಇನ್ನೊಬ್ಬಳು ಕಣ್ಣು ಮುಚ್ಚಿ ಕೇಳಿ, ಅದೇ ಸಾಲನ್ನು ತನ್ನ ಮಾತಲ್ಲಿ ತಿರುಗಿ ಹೇಳಬೇಕು. ಆಮೇಲಷ್ಟೇ ಕಾಗದಕ್ಕೆ. ಇಬ್ಬರ ಹೆಸರೂ ಇರುವ ಯಾವ ಮಾತನ್ನೂ ಇಬ್ಬರೂ ಒಪ್ಪದೆ ಹೊರಗೆ ಆಡುವಂತಿಲ್ಲ. ಅರಸೀಕೆರೆಯ ಕೊನೆಯ ಬಸ್ಸು ಹಾರ್ನ್ ಹೊಡೆದರೆ ಮಾತ್ರ ನಾನು ಚಪ್ಪಲಿ ಮೆಟ್ಟಿಕೊಂಡು ಓಡುತ್ತಿದ್ದೆ.

ಸಮ್ಮೇಳನದ ಪತ್ರ ಬಂದ ದಿನ ನಾಗು ತನ್ನ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಮೈಸೂರುಪಾಕು ಹಂಚಿದಳು. ಅವಳು ಹಾಗೆಲ್ಲ ಹಂಚುವವಳಲ್ಲ. ಅವರದು ಗೆಂಡೆಹಳ್ಳಿ ಕಡೆಯ ಬೌದ್ಧ ಮನೆತನ, ಅವರ ಕೇರಿಯಲ್ಲಿ ಮೊದಲು ಓದಿ ಮೇಷ್ಟ್ರಾದವರು ಅವಳ ಅಪ್ಪ. "ಪಾಠ ಮಾಡ್ಕೊಂಡು ಸಂಬಳ ತಗೊಂಡ್ರೆ ಸಾಲದಾ, ನಿಮಗ್ಯಾಕೆ ಈ ಸಂಶೋಧನೆ?" ಎಂದು ಕೇಳಿದವರಿಗೂ ಅವತ್ತು ಎರಡೆರಡು ತುಂಡು ಕೊಟ್ಟಿದ್ದಳು.

ಸಾಂತಾಂದೇರ್, ಬಂದ ದಿನ

ಕಡಲ ದಂಡೆಯ ಊರು. ಯಾರೂ ಹಾರ್ನ್ ಹೊಡೆಯುವುದಿಲ್ಲ. ರಸ್ತೆ ದಾಟಲು ನಿಂತರೆ ಕಾರುಗಳೆಲ್ಲ ನಿಂತುಬಿಡುತ್ತವೆ. ನನಗೆ ಆ ಮರ್ಯಾದೆ ಅಭ್ಯಾಸವಿಲ್ಲ, ನೀವೇ ಹೋಗಿ ಎಂದು ನಾನು ಕೈ ಮಾಡುವುದು, ನೀವು ಹೋಗಿ ಎಂದು ಅವರು ಕೈ ಮಾಡುವುದು, ಹೀಗೇ ಒಂದಷ್ಟು ಹೊತ್ತು ನಡೆಯಿತು. ಸಂಜೆಯಾದರೆ ವಯಸ್ಸಾದ ಗಂಡಹೆಂಡಿರು ಮದುವೆಗೆ ಹೊರಟವರ ಹಾಗೆ ಅಲಂಕಾರ ಮಾಡಿಕೊಂಡು ಬರುತ್ತಾರೆ. ಯಾವ ಮದುವೆ ಎಂದು ಕೇಳಿದೆ. ಮದುವೆಯೂ ಇಲ್ಲ ಏನೂ ಇಲ್ಲ, ದಂಡೆಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆದು ಮನೆಗೆ ಹೋಗುತ್ತಾರಂತೆ. ನಾನು ಬಹಳ ಮೆಚ್ಚಿದೆ. ನಮ್ಮೂರಲ್ಲಿ ರೇಷ್ಮೆ ಸೀರೆ ಉಟ್ಟು ಸುಮ್ಮನೆ ಸ್ಟೇಷನ್ ರಸ್ತೆಯಲ್ಲಿ ಓಡಾಡಿದರೆ ಇವಳಿಗೆ ಏನಾಯಿತು ಎಂದು ಮನೆಗೇ ಬಂದು ವಿಚಾರಿಸುತ್ತಾರೆ.

ಕರೆದುಕೊಂಡು ಹೋಗಲು ಬಂದವರು ಇಸಾಬೆಲ್ ಎಂಬ ಪ್ರಾಧ್ಯಾಪಕಿ. ಬೆಳ್ಳಗಿನ ಕತ್ತರಿಸಿದ ಕೂದಲು, ದೊಡ್ಡ ಗಂಟಲು, ಇನ್ನೂ ದೊಡ್ಡ ನಗು. ಸಿಕ್ಕ ಕೂಡಲೇ ಎರಡೂ ಕೆನ್ನೆಗೆ ಕೆನ್ನೆ ತಾಗಿಸಿದರು. ಒಂದೇ ಕಡೆಗೆಂದುಕೊಂಡು ನಾನು ಅರ್ಧಕ್ಕೆ ತಿರುಗಿದ್ದರಿಂದ ಇಬ್ಬರ ಕನ್ನಡಕಗಳೂ ಢೀ ಹೊಡೆದುಕೊಂಡವು.

ಮಧ್ಯಾಹ್ನದ ಮೇಜು

ಅಲ್ಲಿಯವರು ಮಧ್ಯಾಹ್ನದ ಊಟಕ್ಕೆ ಕೂರುವ ಹೊತ್ತಿಗೆ ನಮ್ಮಲ್ಲಿ ಸಂಜೆಯ ಕಾಫಿಗೆ ನೀರಿಡುತ್ತಾರೆ. ಮರುದಿನ ನಾನು ಹಸಿದು ಅರೆಜೀವವಾಗಿ ಇಸಾಬೆಲ್ ಮತ್ತು ಅವರ ಗುಂಪಿನ ಗಣಿತದವರ ಜತೆ ಹೋಟೆಲಿನಲ್ಲಿ ಕೂತೆ. ಮಾಂಸ ಬೇಡ ಎಂದದ್ದಕ್ಕೆ ಮಾಣಿ ಖುಷಿಯಿಂದ ಮೀನು ಹಾಕಿದ ಸೊಪ್ಪು ತಂದಿಟ್ಟ. ಮೀನೂ ಬೇಡ ಎಂದರೆ ಅವನ ಮುಖ ಸಪ್ಪಗಾಯಿತು. ಇಸಾಬೆಲ್ ಅವನ ಜತೆ ನನ್ನ ಪರವಾಗಿ ವಾದ ಮಾಡುತ್ತಿರುವಾಗ ನಾನು ಚೀಲದಿಂದ ಚಟ್ನಿಪುಡಿ ತೆಗೆದು, ಅವರ ಆಲಿವ್ ಎಣ್ಣೆಗೆ ಕಲಸಿ, ಬ್ರೆಡ್ಡಿಗೆ ಹಚ್ಚಿದೆ. ಮೇಜಿನವರೆಲ್ಲ ಕೈ ಚಾಚಿದರು, ಎಲ್ಲರೂ ಕೆಮ್ಮಿದರು, ಎಲ್ಲರೂ ಮತ್ತೆ ಕೈ ಚಾಚಿದರು. ಅಂತೂ ಅರಸೀಕೆರೆ ಕೊಬ್ಬರಿ ಸ್ಪೇನ್ ಮುಟ್ಟಿತು.

ಊಟವಾದ ಮೇಲೆ ಅವರು ಏಳುವುದೇ ಇಲ್ಲ. ಮೇಜಿನ ಮೇಲೆ ಬಟ್ಟೆಗೆ ಬದಲು ದೊಡ್ಡ ಬಿಳಿ ಕಾಗದ ಹಾಸಿರುತ್ತಾರೆ. ಕಾಫಿ ಬಂದದ್ದೇ ತಡ, ಎಲ್ಲರೂ ಪೆನ್ನು ತೆಗೆದು ಆ ಕಾಗದದ ಮೇಲೆ ಗಣಿತ ಬರೆಯಲು ಶುರು. ಇಸಾಬೆಲ್‌ರ ಗುಂಪಿನಲ್ಲಿ ಒಂದು ನಿಯಮವಂತೆ: ಆ ಮೇಜಿನಲ್ಲಿ ಯಾರ ಪ್ರಮೇಯ ಒಡೆಯುತ್ತದೋ ಮೇಜುಹಾಸು ಅವರಿಗೆ. ಮನೆಗೆ ಒಯ್ಯಬೇಕು. ನಾನು ಕೇಳಿ ನಕ್ಕೆ.

ಇಸಾಬೆಲ್ ಬಹಳ ಮೆಲ್ಲಗೆ ಕೇಳಿದರು. "ನಾಳೆ ನೀವು ಹೇಳುವ ಪ್ರಮೇಯದಲ್ಲಿ ಒಂದು ವೃತ್ತ ಬರುತ್ತದಲ್ಲ, ಅದರ ತ್ರಿಜ್ಯ ಯಾವುದರ ಮೇಲೆ ನಿಂತಿದೆ?"

ನಮ್ಮ ಸಾಧನೆಯ ಜೀವ ಇದ್ದದ್ದೇ ಆ ವೃತ್ತದಲ್ಲಿ. b ಯನ್ನು ತೂಕದೊಳಕ್ಕೆ ತಳ್ಳಿ, ತೂಕವನ್ನು ತುಸು ಅಲುಗಿಸಿ, ಒಂದು ಪುಟ್ಟ ವೃತ್ತದ ಸುತ್ತ ಸರಾಸರಿ ತೆಗೆಯುವುದು. ಕೊನೆಗೆ ತ್ರಿಜ್ಯದಿಂದ ಭಾಗಿಸಬೇಕು. ಹಾಗಾಗಿ ವೃತ್ತ ಚಿಕ್ಕದಾದಷ್ಟೂ ಉತ್ತರ ದೊಡ್ಡದಾಗುತ್ತದೆ.

"b ಯ ಮೇಲೆ ಮಾತ್ರ," ಅಂದೆ ಗತ್ತಿನಿಂದ.

"ತೂಕದ ಮೇಲೆ ಇಲ್ಲವೇ?"

"ಇಲ್ಲ."

ಅವರು ಕಾಗದದ ಮೇಲೆ ಒಂದು ಗೆರೆ ಎಳೆದರು. ತಿಂದಿಟ್ಟ ಆಲಿವ್ ಬೀಜವನ್ನು ಸೊನ್ನೆಯ ಜಾಗದಲ್ಲಿ ಇಟ್ಟರು. b ಗೆ ಲಾಗರಿದಮ್, ತೂಕಕ್ಕೆ x ನ ಒಂದು ಘಾತ, ಅಷ್ಟೇ. ತೂಕ ಬೀಜದ ಹತ್ತಿರ ಅಂಕುಡೊಂಕಾದಷ್ಟೂ ವೃತ್ತವನ್ನು ಚಿಕ್ಕದು ಮಾಡದೆ ವಿಧಿಯಿಲ್ಲ. ಬರಲ್ಲ ಎಂದು ನಾವು ಹೇಳಿದ್ದ ಆ ಹೆಚ್ಚಿನ ಘಾತ ಕಾಫಿ ಕಲೆಯ ಪಕ್ಕದಲ್ಲಿ ಬಂದು ಕೂತಿತ್ತು. ಮಾಣಿ ಬಂದವನೇ ಯಾರನ್ನೂ ಕೇಳದೆ ಆ ಹಾಸನ್ನು ಎತ್ತಿ, ಬ್ರೆಡ್ಡಿನ ಪುಡಿ ಕೊಡವಿ, ಅಂದವಾಗಿ ಮಡಚಿ ನನ್ನ ಕೈಯಲ್ಲಿಟ್ಟ. ಅವನಿಗೆ ಎಷ್ಟು ಸಲದ ಅಭ್ಯಾಸವೋ.

ಕಡಲ ದಂಡೆ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಇಸಾಬೆಲ್ ಮೇಲೆ ಸಿಟ್ಟು ಬಂತು, ಮಾಣಿಯ ಮೇಲೆ ಬಂತು, ಆಲಿವ್ ಬೀಜದ ಮೇಲೂ ಬಂತು. ದಂಡೆಯ ಉದ್ದಕ್ಕೂ ಬಿರಬಿರನೆ ನಡೆದೆ. ಅವರ ಲೆಕ್ಕದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಮತ್ತೆ ಹುಡುಕಿದೆ. ಕಾಲು ಸೋತು ಒಂದು ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಮುತ್ತಿನ ಸರ ಹಾಕಿಕೊಂಡ ಒಬ್ಬ ಅಜ್ಜಿ. ನನ್ನ ಮುಖ ನೋಡಿ ಸ್ಪ್ಯಾನಿಷ್‌ನಲ್ಲಿ ಏನೋ ಉದ್ದಕ್ಕೆ ಕೇಳಿದರು. ನಾನು ಕನ್ನಡದಲ್ಲೇ ಹೇಳಿದೆ: "ಏನ್ ಮಾಡೋದು ತಾಯಿ, ನಮ್ಮ ವೃತ್ತ ದೊಡ್ಡದಾಗಿಬಿಟ್ಟಿದೆ. ಅಲ್ಲಿ ನಮ್ಮ ನಾಗು ಊರಿಗೆಲ್ಲ ಸಿಹಿ ಹಂಚಿದ್ದಾಳೆ." ಅಜ್ಜಿ ಗಂಭೀರವಾಗಿ ತಲೆದೂಗಿ ನನ್ನ ಕೈ ತಟ್ಟಿದರು. ಆಗ ನನಗೆ ಅಳು ಬಂದುಬಿಟ್ಟಿತು.

ಅಲ್ಲಿಂದಲೇ ಬೇಲೂರಿಗೆ ಫೋನ್ ಮಾಡಿದೆ. ನಾಗು ಮುದ್ದೆ ಕೂಡಿಸುತ್ತಿದ್ದಳು, ಕೋಲಿನ ಸದ್ದು ಕೇಳಿಸುತ್ತಿತ್ತು.

"ಹೇಳೇ ಶಶಿ. ಊಟ ಸೇರುತ್ತಾ ಅಲ್ಲಿ?"

"ನಾಗು, ಆ ವೃತ್ತದ ತ್ರಿಜ್ಯ ಇದೆಯಲ್ಲ, ಅದು ತೂಕದ ಮೇಲೂ ನಿಂತಿದೆ ಅನ್ನೋದನ್ನ ನೀನು ನೋಡಿದ್ದಾ?"

ಕೋಲಿನ ಸದ್ದು ನಿಂತಿತು. "ಅದನ್ನ ನೀನು ನೋಡಿದ್ದೀಯ ಅಂದ್ಕೊಂಡಿದ್ದೆ ನಾನು."

"ನಾನು ನೀನು ನೋಡಿದ್ದೀಯ ಅಂದ್ಕೊಂಡಿದ್ದೆ ಕಣೇ."

"ಆ ಸಾಲು ನೀನು ಹೇಳ್ದೆ. ನಾನು ತಿರುಗಿ ಹೇಳ್ಬೇಕು ಅನ್ನೋ ಹೊತ್ತಿಗೆ..."

"ಬಸ್ಸು ಬಂತು," ಅಂದೆ.

ನಮಗಿಬ್ಬರಿಗೂ ಆ ಸಂಜೆ ಚೆನ್ನಾಗಿ ನೆನಪಿತ್ತು. ಹಾರ್ನ್ ಹೊಡೆದದ್ದು, ನಾನು ಓಡಿದ್ದು, ಬರೆದುಕೊಂಡಿರು ಎಂದು ಹಿಂದಕ್ಕೆ ಕೂಗಿದ್ದು. ಮುಂದಿನ ವಾರ ಕಾಗದದಲ್ಲಿ ಸಾಲು ಇತ್ತು. ಇದ್ದ ಮೇಲೆ ಇಬ್ಬರೂ ಹೇಳಿರಲೇಬೇಕು ಎಂದುಕೊಂಡು ಇಬ್ಬರೂ ಮುಂದೆ ಹೋಗಿದ್ದೆವು.

"ಹಂಗಾದ್ರೆ ನಾಳೆ ಮಾತಾಡ್ಬೇಡ," ಅಂದಳು ನಾಗು. "ಹುಷಾರಿಲ್ಲ ಅಂತ ಹೇಳಿ ಬಂದ್ಬಿಡು."

"ತಪ್ಪಾಗಿದೆ, ಸರಿ ಇಷ್ಟು ಅಂತ ನಿಂತು ಹೇಳ್ತೀನಿ ಕಣೇ. ಅದರಲ್ಲಿ ನಾಚ್ಕೆ ಏನು?"

"ನಿಂಗೆ ಏನಿಲ್ಲ ಶಶಿ. ನೀನು ತಪ್ಪು ಮಾಡಿದ್ರೆ ತಪ್ಪು ಅಂತಾರೆ, ಅಷ್ಟೇ. ನಾನು ಮಾಡಿದ್ರೆ, ನೋಡಿದ್ರಾ, ನಮಗೆ ಮೊದ್ಲೇ ಗೊತ್ತಿತ್ತು ಅಂತಾರೆ. ನಮ್ಮಪ್ಪ ಒಂದು ಕಾಗುಣಿತ ತಪ್ಪದ ಹಂಗೆ ಬದುಕಿದ್ರು, ಅದಕ್ಕೇ."

ಇಷ್ಟು ವರ್ಷ ಹುಲ್ಲಿನ ಮೇಲೆ ಎದುರುಬದುರು ಕೂತಿದ್ದೆವು, ನಾನು ಇದನ್ನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. "ನೀನು ಒಪ್ಪದೆ ನಾನು ಬಾಯಿ ಬಿಡಲ್ಲ," ಅಂದೆ. "ಒಪ್ಪಲಿಲ್ಲ ಅಂದ್ರೆ ಬೆಳಿಗ್ಗೆ ಹುಷಾರಿಲ್ಲ ಅಂತಲೇ ಹೇಳ್ತೀನಿ. ನಿನ್ನಾಣೆ."

ಅವಳು ಫೋನ್ ಇಟ್ಟಳು. ಅಜ್ಜಿ ಇನ್ನೂ ಪಕ್ಕದಲ್ಲೇ ಕೂತಿದ್ದರು.

ವಸತಿಗೃಹದ ಕಾರಿಡಾರು

ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗಲೇ ಫೋನ್. ಹಲೋ ಇಲ್ಲ, ಚೆನ್ನಾಗಿದ್ದೀಯಾ ಇಲ್ಲ.

"ಕಣ್ಣು ಮುಚ್ಕೋ. ಸಾಲು ಹೇಳ್ತೀನಿ."

ಕೋಣೆಯಲ್ಲಿ ಸಿಗ್ನಲ್ ಸರಿಯಿರಲಿಲ್ಲ. ಕಾರಿಡಾರಿಗೆ ಬಂದು ಗೋಡೆಗೊರಗಿ ಕಣ್ಣು ಮುಚ್ಚಿದೆ. ಅವಳು ಹೇಳುತ್ತಾ ಹೋದಳು. ವೃತ್ತ ಚಿಕ್ಕದಾಗಲಿ, ತೂಕ ಎಷ್ಟು ಕೇಳುತ್ತದೋ ಅಷ್ಟು ಚಿಕ್ಕದಾಗಲಿ. ಆಗ ಒಂದು ಘಾತ ಜಾಸ್ತಿ ಬರುತ್ತದೆ, ಬರಲಿ. ಉಳಿದ ಎಲ್ಲ ಸಾಲೂ ಹಾಗೇ ನಿಲ್ಲುತ್ತವೆ. ನಮ್ಮ ಒರಟು ಯಂತ್ರಗಳಿಗೆ ಅಷ್ಟನ್ನು ಕೂಡ ಈವರೆಗೆ ಯಾರೂ ಬರೆದಿರಲಿಲ್ಲ.

"ಈಗ ನೀನು ಹೇಳು," ಅಂದಳು.

ನಾನು ಹೇಳಿದೆ. ಗಟ್ಟಿಯಾಗಿ, ಕನ್ನಡದಲ್ಲಿ, ಕೈ ಆಡಿಸುತ್ತಾ, ಮೊದಲಿನಿಂದ ಕೊನೆಯವರೆಗೆ. ಕಣ್ಣು ಬಿಟ್ಟರೆ ಹಾಸಿಗೆ ಬದಲಿಸಲು ಬಂದ ಹೆಂಗಸು ದಿಂಬುಗಳನ್ನು ತಬ್ಬಿಕೊಂಡು ನಿಂತಿದ್ದಳು. ಪ್ರಾರ್ಥನೆ ಎಂದುಕೊಂಡಿರಬೇಕು, ಶಿಲುಬೆ ಗುರುತು ಹಾಕಿಕೊಂಡು ಹೋದಳು.

"ಸರಿ ಇದೆ," ಅಂದಳು ನಾಗು. "ಹೋಗಿ ಹೇಳು. ತಪ್ಪಾಗಿತ್ತು ಅಂತಾನೂ ಹೇಳು. ನನ್ನ ಹೆಸರು ಮಾತ್ರ ತೆಗೀಬೇಡ."

"ಮುಂಡೇದೇ, ತೆಗೆಯೋಕೆ ನಂಗೇನು ಹುಚ್ಚಾ?" ಎಂದು ಬೈದೆ. ಸಮಾಧಾನ ಆದಾಗ ನಾನು ಬೈಯುವುದು.

ಭಾಷಣ

ವೇದಿಕೆಯ ಮೇಲೆ ನಿಂತು ಮೊದಲ ಮಾತೇ ಹೇಳಿದೆ: ನಿಮ್ಮ ಕೈಯಲ್ಲಿರುವ ಕಾರ್ಯಕ್ರಮ ಪಟ್ಟಿಯಲ್ಲಿ ಅಚ್ಚಾಗಿರುವ ನಮ್ಮ ಪ್ರಮೇಯ ತಪ್ಪು. ಸರಿಯಾದದ್ದು ಇದು. ಸರಿ ಮಾಡಿದವಳು ನಾಗರತ್ನ, ಈ ಬೆಳಿಗ್ಗೆ, ಬೇಲೂರಿನಿಂದ. ತಪ್ಪು ಹೇಗಾಯಿತು ಎಂದೂ ಹೇಳಿದೆ, ಹುಲ್ಲು, ಹಾರ್ನು, ಬಸ್ಸು ಎಲ್ಲ. ಸಭೆ ನಕ್ಕಿತು. ಕೊನೆಗೆ ಪ್ರಶ್ನೆ ಇದೆಯೇ ಎಂದಾಗ ಹಿಂದಿನ ಸಾಲಿನಿಂದ ಒಬ್ಬರು ಎದ್ದು ಕೇಳಿದ್ದು ತೂಕದ ಬಗ್ಗೆ ಅಲ್ಲ. "ಆ ಬಸ್ಸು ಈಗಲೂ ಅದೇ ಹೊತ್ತಿಗೆ ಬರುತ್ತದೆಯೇ?"

ಪರದೆಯ ಮೇಲೆ ನಾಗುವಿನ ಹೆಸರು ಇರುವಾಗ ಇಸಾಬೆಲ್ ಕೈಲಿ ಫೋಟೋ ತೆಗೆಸಿ ಅವಳಿಗೆ ಕಳಿಸಿದೆ. ಹೊರಡುವಾಗ ಅವರು ಮತ್ತೆ ಎರಡೂ ಕೆನ್ನೆಗೆ ಬಂದರು. ಈ ಸಲ ಕನ್ನಡಕ ತೆಗೆದಿಟ್ಟುಕೊಂಡಿದ್ದೆ.

ಮತ್ತೆ ಹಳೇಬೀಡು

ಬಂದ ಭಾನುವಾರವೇ ಮೇಜುಹಾಸನ್ನು ಹುಲ್ಲಿನ ಮೇಲೆ ಬಿಡಿಸಿದೆ. ಎಣ್ಣೆ ಕಲೆ, ಕಾಫಿ ಕಲೆ, ಚಟ್ನಿಪುಡಿಯ ಕೆಂಪು, ನಡುವೆ ಇಸಾಬೆಲ್‌ರ ಗೆರೆ. ರಂಗಪ್ಪ ದೂರದಿಂದಲೇ ಓಡಿ ಬಂದ.

"ಊಟ ಗೀಟ ಇಲ್ಲಿ ಮಾಡಂಗಿಲ್ಲ ಕಣ್ರಮ್ಮ!"

"ಊಟ ಅಲ್ಲ ರಂಗಪ್ಪ, ಲೆಕ್ಕ."

ಅವನು ಬಗ್ಗಿ ನೋಡಿದ. "ಲೆಕ್ಕ ಅಂತೀರ, ಸಾರು ಚೆಲ್ಲೈತಲ್ಲ," ಎಂದು ಗೊಣಗುತ್ತಾ ಹೋದ.

ನಾಗು ಆ ಗೆರೆಯ ಮೇಲೆ ಬೆರಳಾಡಿಸುತ್ತಾ ಬಹಳ ಹೊತ್ತು ಕೂತಳು. ಸ್ಟಾಫ್ ರೂಮಿನಲ್ಲಿ ಏನಂದರು ಎಂದು ಕೇಳುವುದಕ್ಕೆ ನನಗೆ ಹೆದರಿಕೆ. ಅವಳೇ ಹೇಳಿದಳು. "ತಪ್ಪಾಗಿತ್ತು, ಸರಿ ಮಾಡಿದ್ವಿ, ಒಂದು ಘಾತ ಜಾಸ್ತಿ ಬಂತು ಅಂದೆ. ಜಾಸ್ತಿ ಬಂದಿದ್ರೆ ಇನ್ನೊಂದ್ಸಲ ಮೈಸೂರುಪಾಕು ಕೊಡ್ಸಿ ಅಂದ್ರು." ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಒಬ್ಬಿಬ್ಬರು ಬೇರೆ ಥರವೂ ನಕ್ಕರಂತೆ. "ನಗ್ಲಿ ಬಿಡು. ಅವರ ಎದುರಿಗೇ ಆ ಫೋಟೋ ಗೋಡೆಗೆ ಅಂಟಿಸಿ ಬಂದೆ," ಅಂದಳು.

ಆಮೇಲೆ ಕೆಲಸ ಶುರುವಾಯಿತು. ಮುಂದಿನ ಪ್ರಶ್ನೆ ಒಂದಿತ್ತು, ಎರಡು ತೂಕ ಇಟ್ಟರೆ ಏನಾಗುತ್ತದೆ ಎಂದು. ನೆರಳು ಉದ್ದವಾಗುವ ಹೊತ್ತಿಗೆ ಅವಳೊಂದು ಸಾಲು ಹೇಳಿದಳು. ಕಣ್ಣು ಮುಚ್ಚಿ ಕೇಳಿದೆ. ತಿರುಗಿ ಹೇಳಬೇಕು ಎನ್ನುವಾಗ ಬಸ್ ಸ್ಟ್ಯಾಂಡಿನ ಕಡೆಯಿಂದ ಹಾರ್ನು. ಚಪ್ಪಲಿಗೆ ಕಾಲು ತೂರಿಸಿದೆ.

"ಬತ್ತೀರಾ ಮೇಡಂ, ಬಿಡ್ಲಾ?" ಕಂಡಕ್ಟರ್ ಗೇಟಿನ ತನಕ ಬಂದು ಕೂಗಿದ.

ನಾಗು ನನ್ನ ಕೈ ಹಿಡಿದಳು. "ಸಾಲು ಹೇಳಿ ಹೋಗು."

"ಕೊನೇ ಬಸ್ಸು ಕಣೇ!"

"ನಮ್ಮನೇಲಿ ಮುದ್ದೆ ಇದೆ. ಕೂತ್ಕೋ."

ನಾನು ಕಂಡಕ್ಟರಿಗೆ ಹೋಗಪ್ಪ ಎಂದು ಕೈ ಮಾಡಿದೆ. ಅವನಿಗೆ ನಂಬಿಕೆಯಾಗಲಿಲ್ಲ, ಇನ್ನೊಂದು ಸಲ ಹಾರ್ನ್ ಹೊಡೆಸಿದ. ಆಮೇಲೆ ಬಸ್ಸು ಅರಸೀಕೆರೆ ರಸ್ತೆಗೆ ತಿರುಗಿತು. ನಾನು ಚಪ್ಪಲಿ ಬಿಟ್ಟು ಕೂತು, ಕಣ್ಣು ಮುಚ್ಚಿ, ಅವಳ ಸಾಲನ್ನು ನನ್ನ ಮಾತಲ್ಲಿ ತಿರುಗಿ ಹೇಳಿದೆ. ನಾಗು ಎತ್ತಿದ್ದ ಪೆನ್ನನ್ನು ಕೆಳಗಿಟ್ಟಳು.

"ತಪ್ಪಾಯ್ತು ಕಣೇ," ಅಂದಳು. "ನಾನು ಹೇಳಿದ್ದೇ ತಪ್ಪು. ತಡಿ, ಇನ್ನೊಂದ್ಸಲ ಹೇಳ್ತೀನಿ."